ಹಾಡಿನ ಡಬ್ಬಿಯ ಅಂಟು

ರೀ,

ಅಂಗಡಿಗೆ ಹೊರಟೆ. ಡಾಕ್ಟರು ನನಗೇನೂ ಇಲ್ಲ ಅಂದಾಯ್ತಲ್ಲ, ಇವತ್ತಾದರೂ ಹೊಟ್ಟೆ ತುಂಬಾ ತಿನ್ನಿ.

ನನ್ನ ಸ್ಕ್ಯಾನ್ ಸಿ.ಡಿ. ಹಾಕಿಕೊಂಡು ಹೋಗಿದ್ದೆವಲ್ಲ, ನಿಮ್ಮ ಹಾಡಿನ ಸಿ.ಡಿ.ಯ ಆ ಪ್ಲಾಸ್ಟಿಕ್ ಡಬ್ಬಿ ಮೇಜಿನ ಮೇಲಿದೆ. ಆಸ್ಪತ್ರೆಯವರು ಅದರ ಮೇಲೆ ಅಂಟಿಸಿದ ನನ್ನ ಹೆಸರಿನ ಚೀಟಿಯನ್ನ ಸರದಿ ಬರೋವರೆಗೂ ಉಗುರಲ್ಲಿ ಕೆರೆದು ಕೆರೆದು ಅರ್ಧ ಕಿತ್ತಿದ್ದೀರಿ. ಈಗ ಮುಟ್ಟಿದರೆ ಬರೀ ಜಿಗುಟು.

ಬ್ಲೇಡು ಹಾಕಬೇಡಿ, ಗೀರು ಬೀಳುತ್ತೆ. ಅಡುಗೆ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಹಳೇ ಬಟ್ಟೆಯಲ್ಲಿ ಉಜ್ಜಿ. ಹಳೇದು ಅಂದರೆ ನಿಮ್ಮ ತೂತುಬಿದ್ದ ಬನಿಯನ್, ನನ್ನ ಟವೆಲ್ ಅಲ್ಲ. ಆಮೇಲೆ ಸೋಪಿನ ನೀರಲ್ಲಿ ತೊಳೆಯಿರಿ.

ನನ್ನ ಹೆಸರು ಒಂದಕ್ಷರವೂ ಅದರ ಮೇಲೆ ಉಳಿಯಬಾರದು. ಡಬ್ಬಿಯಲ್ಲಿ ಮೊದಲಿನ ಹಾಗೆ ಹಾಡಿರಲಿ. ಮನೆಯಲ್ಲಿ ನಾನಿರ್ತೀನಿ.