ಬುಗುರಿಯ ತಟ್ಟೆಯಿಂದ ಒಂದು ಚಮಚ

ಮಾರ್ಚ್ 4, ಬೆಳಿಗ್ಗೆ

ಆಲೂಗಡ್ಡೆ ಬೇಯಿಸಿ ಸಿಪ್ಪೆ ಸುಲಿದಾಯ್ತು. ತಕ್ಕಡಿಗೆ ಹೊಸ ಸೆಲ್ ಹಾಕಿದ್ದಾಯ್ತು. ಈ ಮನೇಲಿ ಮೊಮ್ಮಗಳ ಊಟಾನ ಚಿನ್ನ ತೂಗಿದ ಹಾಗೆ ತೂಗಬೇಕು. ಬುಗುರಿಗೆ — ನಾಲ್ಕು ವರ್ಷ, ನಿಂತಲ್ಲಿ ನಿಲ್ಲಲ್ಲ, ಅದಕ್ಕೇ ಆ ಹೆಸರಿಟ್ಟೆ — ಹುಟ್ಟಿದಾಗಿಂದ ಪ್ರೋಟೀನ್ ಆಗಿಬರಲ್ಲ. ಹಾಲಿಲ್ಲ, ಮೊಟ್ಟೆ ಇಲ್ಲ, ಬೇಳೆ ಇಲ್ಲ. ಡಬ್ಬಿಯ ಪುಡಿ ಕಲಸಿ ಕುಡೀಬೇಕು. ಅದರ ವಾಸನೆಗೆ ಬೆಕ್ಕೂ ಮನೆ ಬಿಟ್ಟು ಹೋದೀತು. ಮಿಕ್ಕಿದ್ದು ಅನ್ನ, ಆಲೂಗಡ್ಡೆ, ಹಣ್ಣು. ಎಲ್ಲಾ ಅಳತೆ. ಮೀರಿದ್ರೆ ರಕ್ತದಲ್ಲಿ ವಿಷ ಏರತ್ತೆ, ಮಿದುಳಿಗೆ ಹೊಡೆಯತ್ತೆ.

ಸೊಸೆ ಕೆಲಸಕ್ಕೆ ಹೋದಮೇಲೆ ತೂಗೋಳು ನಾನು. ಡಾಕ್ಟ್ರಮ್ಮ ಹೇಳಿದಷ್ಟೇ ತೂಗ್ತೀನಿ. ಆಮೇಲೆ ಒಂದು ಚಮಚ ವಾಪಸ್ ತೆಗೀತೀನಿ. ವಿಷ ಅಂದಮೇಲೆ ಕಡಿಮೆಯಾದಷ್ಟೂ ಒಳ್ಳೇದು ತಾನೆ? ಯಾರಿಗೂ ಹೇಳಿಲ್ಲ. ಹೇಳಿದ್ರೆ ಸೊಸೆ ಪಾಠ ಶುರು ಮಾಡ್ತಾಳೆ. ನನಗೆ ಈ ವಯಸ್ಸಲ್ಲಿ ಪಾಠ ಬೇಡ.

ಮಾರ್ಚ್ 6

ರಕ್ತ ಕಳಿಸೋ ದಿನ. ಬೆರಳು ಚುಚ್ಚಿ, ದಪ್ಪ ಕಾಗದದ ಮೇಲೆ ಚುಕ್ಕೆ ಇಟ್ಟು, ಲಕೋಟೆ. ಬುಗುರಿ ಅಳಲಿಲ್ಲ.

"ಅಜ್ಜೀ, ನಿನ್ನ ಬೆರಳು ಯಾಕೆ ಚುಚ್ಚಲ್ಲ?"

"ನನ್ನ ರಕ್ತ ನೋಡಿದ್ರೆ ಅವರ ಮಿಷನ್ನು ಹೆದರಿ ನಿಂತುಬಿಡತ್ತೆ. ಸುಮ್ನಿರು."

ಮಾರ್ಚ್ 11, ಸಂಜೆ

ರಕ್ತದ ರಿಪೋರ್ಟ್ ಬಂತು. ವಿಷ ಏರಿದೆ! ಹೇಗೆ ಏರತ್ತೆ? ಇಷ್ಟು ಬಿಗಿ ಹಿಡಿದಿದೀನಿ...

ಸೊಸೆ ಚಪ್ಪಲಿ ಕೂಡ ಬಿಡಲಿಲ್ಲ. ಅಡುಗೆಮನೆಗೇ ಬಂದ್ಲು.

"ಅತ್ತೆ, ನಿಜ ಹೇಳಿ. ಏನಾದ್ರೂ ಕೊಟ್ರಾ? ಬಿಸ್ಕತ್ತು ಗಿಸ್ಕತ್ತು?"

"ಕೊಟ್ಟಿದ್ರೆ ನನ್ನ ಕೈ ಬಿದ್ದುಹೋಗ್ಲಿ."

"ಕೈ ಬೀಳೋದು ಬೇಡ. ನಿಜ ಸಾಕು."

ಈ ಮಾತೆಲ್ಲ ನನ್ನ ಹತ್ರಾನೇ ಕಲಿತಿರೋದು. ಯಾರನ್ನ ಬೈಯಲಿ?

ನನಗೆ ಮಗನ ಮೇಲೆ ಅನುಮಾನ. ಮಗು ಮುಖ ಸಣ್ಣ ಮಾಡಿದ್ರೆ ಕರಗಿ ನೀರಾಗೋ ಗಂಡಸು. ಸ್ನಾನಕ್ಕೆ ಹೋದಾಗ ಅವನ ಪ್ಯಾಂಟಿನ ಜೇಬು ತಡಕಿದೆ. ಚಾಕೊಲೇಟ್ ಕಾಗದ ಇಲ್ಲ. ಬಸ್ ಟಿಕೆಟ್ಟು, ಮುದುರಿದ ಕರ್ಚೀಫು.

ನಾಳೆಯಿಂದ ಎರಡು ಚಮಚ ತೆಗೀಬೇಕು.

ಮಾರ್ಚ್ 14

"ತಟ್ಟೆ ಮುಗೀತು ಅಜ್ಜೀ. ಹೊಟ್ಟೆ ಮುಗೀಲಿಲ್ಲ."

ಕಥೆ ಹೇಳಿ ಮರೆಸಿದೆ. ಮಧ್ಯಾಹ್ನ ಮೆಟ್ಟಿಲ ಮೇಲೆ ಗೋಡೆಗೊರಗಿ ಕೂತಿದ್ಲು. ಈ ಮಗು ಕೂರೋದಾ? ವಿಷ ಮಿದುಳಿಗೆ ಹತ್ತಿತೇ? ಬಟ್ಟೆ ತೋರಿಸಿ ತೋರಿಸಿ ಬಣ್ಣ ಕೇಳಿದೆ. ಎಲ್ಲಾ ಸರಿ ಹೇಳಿದ್ಲು. ಮತ್ತೆ ಮೊದಲಿಂದ ಕೇಳಿದೆ.

"ನಿನಗೆ ಮರೆತೋಯ್ತಾ ಅಜ್ಜೀ? ಇದು ಹಸಿರು."

ರಾತ್ರಿಯ ಪಾಲಲ್ಲೂ ಒಂದಿಷ್ಟು ತೆಗೆದೆ.

ಮಾರ್ಚ್ 19

ಮತ್ತೆ ಕಳಿಸಿದ್ದ ರಕ್ತದ ರಿಪೋರ್ಟ್ ಬಂತು. ಇನ್ನೂ ಏರಿದೆ.

ಸೊಸೆ ಜಗಳಾಡಲಿಲ್ಲ. ಅವಳ ಅಮ್ಮನಿಗೆ ಫೋನ್ ಮಾಡಿದ್ಲು. "ಬಂದು ಸ್ವಲ್ಪ ದಿನ ಇರ್ತೀಯಾ? ಮಗೂನ ನೋಡ್ಕೊಳ್ಳೋಕೆ." ನನಗೆ ಕೇಳಲಿ ಅಂತಾನೇ ಬಾಗಿಲು ತೆಗೆದಿಟ್ಟು. ಬೀಗಿತ್ತಿ ಬಂದು ತೂಗ್ತಾಳಂತೆ! ಆಯಮ್ಮನಿಗೆ ತಕ್ಕಡಿ ತಲೆಕೆಳಗಿಟ್ರೂ ಗೊತ್ತಾಗಲ್ಲ. ಮಗ ಟಿವಿ ಕಡೆ ನೋಡ್ತಾ ಕೂತಿದ್ದ. ಟಿವಿ ಹಾಕಿರಲಿಲ್ಲ.

ಮಾರ್ಚ್ 21

ಆಸ್ಪತ್ರೆಗೆ ಎಲ್ಲರೂ ಹೋದ್ವಿ. ನನ್ನನ್ನ ಕರೀಲಿಲ್ಲ, ನಾನೇ ಹೊರಟೆ.

ಡಾಕ್ಟ್ರಮ್ಮ ಬುಗುರೀನ ತೂಗಿ ಹುಬ್ಬು ಗಂಟಿಕ್ಕಿದ್ರು. "ತೂಕ ಇಳಿದಿದೆಯಲ್ಲ! ಕೊಟ್ಟಿದ್ದೆಲ್ಲಾ ತಿಂತಾಳಾ?"

"ತಿಂತಾಳೆ," ಅಂದ್ಲು ಸೊಸೆ.

"ತಟ್ಟೆಗೆ ಬಂದಿದ್ದೆಲ್ಲಾ ತಿಂತಾಳೆ," ಅಂದೆ ನಾನು.

"ಅಂದ್ರೆ?"

ಹೇಳಿಬಿಟ್ಟೆ. ಚಮಚದ ವಿಷಯ. ಸೊಸೆ ನನ್ನ ಕಡೆ ತಿರುಗಿದ್ದು ಗೊತ್ತಾಯ್ತು. ನಾನು ತಿರುಗಲಿಲ್ಲ.

ಡಾಕ್ಟ್ರಮ್ಮ ಕೊರಳಿನ ಮಣಿಸರ ಬಿಚ್ಚಿ ಮೇಜಿನ ಮೇಲಿಟ್ರು. ಪ್ರೋಟೀನ್ ಅಂದ್ರೆ ಇಂಥ ಸರವಂತೆ. ನಮ್ಮ ಮೈಯಲ್ಲೂ ಲೆಕ್ಕವಿಲ್ಲದಷ್ಟು ಇವೆಯಂತೆ. ಸುಮ್ನೆ ಉದ್ದಕ್ಕೆ ಬಿದ್ದಿದ್ರೆ ಕೆಲಸಕ್ಕೆ ಬಾರದು. ತನ್ನ ರೀತೀಲಿ ಮಡಚಿ ಸುತ್ತಿ ಒಂದು ಆಕಾರಕ್ಕೆ ಬಂದ್ರೆ ಮಾತ್ರ ಕೆಲಸ. ಬುಗುರಿಯ ಒಂದು ಸರದಲ್ಲಿ ಮಣಿ ಬದಲಾಗಿದೆ. ಮಡಿಕೆ ನಿಲ್ಲಲ್ಲ. ಊಟದಲ್ಲಿ ಬರೋ ಒಂದು ಜಾತಿ ಮಣೀನ ಇನ್ನೊಂದು ಮಾಡೋದು ಆ ಸರದ ಕೆಲಸ. ಅದು ಆಗಲ್ಲ, ಆ ಮಣಿ ರಕ್ತದಲ್ಲಿ ರಾಶಿ ಬೀಳತ್ತೆ. ಅದೇ ವಿಷ.

"ಅದಕ್ಕೇ ಅಲ್ವೇನಮ್ಮಾ ನಾನು ಕಡಿಮೆ ಮಾಡಿದ್ದು!"

"ನಾವು ಹೇಳಿದ್ದೇ ಕಡಿಮೆಯ ಅಳತೆ, ಅಜ್ಜಿ. ಅದಕ್ಕಿಂತ ಇಳಿಸಿ ಹಸಿವಲ್ಲಿ ಬಿಟ್ರೆ ಮೈ ತನ್ನ ಮಾಂಸಖಂಡಾನೇ ಬಿಚ್ಚಿಕೊಳ್ಳತ್ತೆ. ಅದೂ ಇಂಥ ಸರಗಳೇ. ಬಿಚ್ಚಿದಾಗ ಅದೇ ಮಣಿ ರಕ್ತಕ್ಕೆ ಸುರಿಯತ್ತೆ."

ಬಸ್ಸಲ್ಲಿ ಬುಗುರಿ ನನ್ನ ತೊಡೆ ಮೇಲೆ ಮಲಗಿದ್ಲು. ತೋಳು ಮುಟ್ಟಿ ನೋಡಿದೆ. ನನ್ನ ಎರಡು ಬೆರಳಿಗೆ ಸಿಕ್ಕಿತು. ನಾನು ತಟ್ಟೆಯಿಂದ ತೆಗೆದಿದ್ದನ್ನ ಮಗುವಿನ ಮೈ ಈ ತೋಳಿಂದ ತಿಂದಿದೆ... ಸೊಸೆ ಕಿಟಕಿ ಕಡೆ ಮುಖ ಮಾಡಿದ್ಲು. ಬೈದಿದ್ರೆ ಬದುಕ್ತಿದ್ದೆ.

ಮಾರ್ಚ್ 23

ಸೊಸೆ ರಜೆ ಹಾಕಿದಾಳೆ. ತಾನೇ ತೂಗ್ತಾಳೆ. ನಾನು ಬಾಗಿಲ ಹತ್ರ ನಿಲ್ತೀನಿ, ಕೂರ್ತೀನಿ, ಮತ್ತೆ ನಿಲ್ತೀನಿ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಮಗ "ಅಮ್ಮ, ಸ್ವಲ್ಪ ಮಲಗು" ಅಂದ. ಹಗಲಲ್ಲಿ ಮಲಗೋಕೆ ನಾನೇನು ನಿಮ್ಮಪ್ಪನಾ?

ಏಪ್ರಿಲ್ 2, ಸಂಜೆ

ಇಳಿದಿದೆ. ಪೂರ್ತಿ ಅಲ್ಲ, ಆದ್ರೆ ಇಳಿದಿದೆ! ರಿಪೋರ್ಟನ್ನ ಕನ್ನಡಕ ಹಾಕಿ ನೋಡಿದೆ, ತೆಗೆದೂ ನೋಡಿದೆ.

"ಅಮ್ಮನಿಗೆ ಬರಬೇಡ ಅಂದೆ," ಅಂದ್ಲು ಸೊಸೆ. "ನಾಳೆಯಿಂದ ನೀವು ತೂಗಿ. ಈಗೊಂದು ಸಲ ನನ್ನೆದುರಿಗೆ."

ತೂಗಿದೆ. ಸರಿಯಾಯ್ತು. ಕೈ ತಾನಾಗೇ ಚಮಚದ ಕಡೆ ಹೋಯ್ತು. ಅವಳು ನೋಡ್ತಾನೇ ಇದ್ಲು.

"ಭಯಾನಾ ಅತ್ತೆ?"

"ನಿನಗಿಲ್ವಾ?"

"ದಿನಾ," ಅಂದ್ಲು.

ನಾಲ್ಕು ವರ್ಷದಲ್ಲಿ ಈ ಮಾತು ಇದೇ ಮೊದಲು ಅವಳ ಬಾಯಲ್ಲಿ ಕೇಳಿದ್ದು. ಇಬ್ಬರೂ ಸೇರಿ ತಟ್ಟೆ ಒಯ್ದು ಮಗುವಿನ ಮುಂದಿಟ್ವಿ.

ಏಪ್ರಿಲ್ 3, ಬೆಳಿಗ್ಗೆ

ಸೊಸೆ ಹೋದ್ಲು. ಪೂರ್ತಿ ಪಾಲು ಬಡಿಸಿದೆ. ಪ್ರತಿ ತುತ್ತಿಗೂ ಜೀವ ಬಾಯಿಗೆ ಬರ್ತಿತ್ತು. ಚಮಚಾನ ಮುಚ್ಚಳದ ಡಬ್ಬಿಯೊಳಗೆ ಹಾಕಿ ಮೇಲಿನ ಶೆಲ್ಫಲ್ಲಿಟ್ಟಿದೀನಿ, ಕೈಗೆ ಸಿಗದ ಹಾಗೆ. ತಟ್ಟೆ ಖಾಲಿ. ಬೆರಳೂ ನೆಕ್ಕಿದ್ಲು. ಈಗ ಮೆಟ್ಟಿಲ ಮೇಲೆ ಧಡಧಡ... ಮೆಲ್ಲಗೆ ಅಂದ್ರೆ ಕೇಳೋ ಜಾತಿಯಾ ಅದು? ಅಯ್ಯೋ, ಏನೋ ಬಿತ್ತು — ಅವಳೋ, ಹೂಕುಂಡವೋ, ಹೋಗಿ ನೋಡ್ತೀನಿ.