ಖಣದ ಕುಲಾವಿ

ಹುನಗುಂದ
೧೦ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ತಮ್ಮ ವಿಜಯಮಹಾಂತೇಶನಿಗೆ,

ಭುವನೇಶ್ವರಿ ಸಂಗಪ್ಪ ಹೂಲಗೇರಿ ಎಂಬ ಹೆಸರಿನವಳಾದ ನಾನು, ಬಾದಾಮಿ ಮತ್ತು ಹುನಗುಂದ ತಾಲೂಕುಗಳ ಸರಕಾರಿ ಕನ್ನಡ ಶಾಲೆಗಳಲ್ಲಿ ಮೂವತ್ತಾರು ವರ್ಷ ಸೇವೆ ಸಲ್ಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು, ಈ ಪತ್ರವನ್ನು ಬರೆಯುತ್ತಿದ್ದೇನೆ. ಒಡಹುಟ್ಟಿದವನಿಗೆ ಹೀಗೆ ಪರಿಚಯ ಹೇಳಿಕೊಳ್ಳುವ ಪ್ರಸಂಗವನ್ನು ತಂದವನು ನೀನೇ. ಹೋದ ವಾರ ಫೋನಿನಲ್ಲಿ "ಅಕ್ಕಾ, ಟ್ರಸ್ಟಿನ ವಿಷಯ ಕೇಳಾಕ ನೀ ಯಾರು?" ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಇಟ್ಟುಬಿಟ್ಟೆ. ಅಂದಿನಿಂದ ನನ್ನ ಕರೆ ತೆಗೆದುಕೊಳ್ಳುತ್ತಿಲ್ಲ. ಉತ್ತರ ಮೇಲಿದೆ. ಅದು ಸಾಲದಿದ್ದರೆ ಉಳಿದದ್ದು ಕೆಳಗಿದೆ.

ಮೊದಲು ನಿನ್ನ ಮೊಣಕಾಲಿನ ಸುದ್ದಿ. ಶಸ್ತ್ರಚಿಕಿತ್ಸೆಯ ಗಾಯ ಒಣಗಿತೆ? ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತೀ ಎಂದು ಗೀತಾಂಜಲಿ ಹೇಳಿದಳು. ಮಗಳು ನೋಡದ ಹೊತ್ತಿನಲ್ಲಿ ವಾಕರ್ ಬಿಟ್ಟು ಗೋಡೆ ಹಿಡಿದು ನಡೆಯುತ್ತೀ ಎಂದೂ ಹೇಳಿದಳು. ಹಾಗೆ ಮಾಡಬೇಡ. ಕೋಪ ಬೇರೆ, ಕಾಲು ಬೇರೆ. ಕಳೆದ ತಿಂಗಳು ಕಳಿಸಿದ ಕಡಕ್ ರೊಟ್ಟಿಯೂ ಗುರೆಳ್ಳು ಚಟ್ನಿಯೂ ಮುಗಿದಿದ್ದರೆ ತಿಳಿಸು, ಸೊಲ್ಲಾಪುರದ ಬಸ್ಸಿಗೆ ಹಾಕಿಸುತ್ತೇನೆ. ಗೀತಾಂಜಲೀ, ನಿನ್ನ ಅಪ್ಪ ಕನ್ನಡಕ ಸಿಗಲಿಲ್ಲ ಎಂದು ಈ ಕಾಗದವನ್ನು ಪಕ್ಕಕ್ಕಿಟ್ಟರೆ ನೀನೇ ಗಟ್ಟಿಯಾಗಿ ಓದಿ ಹೇಳು. ನಿನಗೆ ಅಕ್ಷರ ಕಲಿಸಿದವಳು ನಾನು. ಒಂದು ಸಾಲನ್ನೂ ಹಾರಿಸಬಾರದು.

ತಮ್ಮಾ ಮಾಂತೂ, ಬಾಗಲಕೋಟೆಯ ದವಾಖಾನೆಯಲ್ಲಿ ಅವ್ವ ಮಲಗಿದ್ದ ದಿನಗಳು ನೆನಪಿವೆಯೆ? ಅವ್ವನ ಉಸಿರು ಎಣಿಸುತ್ತ ಕೂತು ನನ್ನ ಜೀವ ಅರ್ಧವಾಗಿದ್ದಾಗ, ನನ್ನ ಮನಸ್ಸನ್ನು ಬೇರೆ ಕಡೆ ಎಳೆಯಲೆಂದು ನೀನು ಚಾವಣಿ ತೋರಿಸಿದೆ. "ಅಕ್ಕಾ, ಮ್ಯಾಲ ನೋಡು. ಆ ಬಿಳೀ ಬಟ್ಟಲಾ ಐತೆಲ್ಲಾ, ಅದಕ ಮೂಗ ಐತಿ. ಹೊಗಿ ಮೂಸಿದ ಕೂಡ್ಲೇ ಒದರತೈತಿ. ಕೆಂಪ ದೀಪ ಮಿಣಕ್ ಅಂದ್ರ ಜೀವಂತ ಐತಿ ಅಂತ ತಿಳಿ." ಸೊಲ್ಲಾಪುರದ ಗಿರಣಿಗಳಲ್ಲಿ, ಆಮೇಲೆ ಪುಣೆಯ ದೊಡ್ಡ ಕಟ್ಟಡಗಳಲ್ಲಿ ನೀನು ಫೈರ್ ಅಲಾರಾಂ ಕೂಡಿಸುವ ಕೆಲಸ ಮಾಡಿದವನು ಎಂಬುದು ನನಗೆ ಗೊತ್ತಿತ್ತು, ಆ ಕೆಲಸ ಏನೆಂಬುದು ಗೊತ್ತಾದದ್ದು ಆ ದವಾಖಾನೆಯಲ್ಲಿ. ಹೊಗೆ ಮೂಸುವ ಬಟ್ಟಲು ಯಾವುದು, ಝಳಕ್ಕೆ ಮಾತ್ರ ಎಚ್ಚರಾಗುವ ಬಟ್ಟಲು ಯಾವುದು, ಗಾಜು ಒತ್ತಿ ಮಂದಿಯನ್ನು ಎಬ್ಬಿಸುವ ಕೆಂಪು ಪೆಟ್ಟಿಗೆ ಯಾವ ಎತ್ತರದಲ್ಲಿರಬೇಕು, ಒದರುವ ಹೂಟರ್ ಎಲ್ಲಿರಬೇಕು, ಇವೆಲ್ಲವನ್ನೂ ಆಳುವ ಪ್ಯಾನಲ್ ಎಲ್ಲಿದ್ದರೆ ಚೆನ್ನ, ಎಲ್ಲವನ್ನೂ ನೀನು ಹೇಳಿದೆ. ಅವ್ವ ಕಣ್ಣು ಮುಚ್ಚಿಕೊಂಡೇ, "ಏನ ಗುಸುಗುಸು ಹಚ್ಚೀರಿ, ನನ್ನ ಸುದ್ದೇನು?" ಎಂದು ಗದರಿದ್ದಳು. ಕೇಳಿದ ಪಾಠವನ್ನು ನಾನು ಮರೆಯುವವಳಲ್ಲ. ಅಂದಿನಿಂದ ಯಾವ ಕಟ್ಟಡ ಹೊಕ್ಕರೂ ಮೊದಲು ಚಾವಣಿಯ ಹಾಜರಿ ತೆಗೆದುಕೊಳ್ಳುತ್ತೇನೆ.

ಈ ಹಾಜರಿಯಲ್ಲಿ ನಾನು ಕಂಡದ್ದನ್ನು ಹೇಳಿದರೆ ನೀನೇ ನಾಚಬೇಕು. ಬಾದಾಮಿಯ ಒಂದು ವಸತಿಗೃಹದಲ್ಲಿ ಬಟ್ಟಲುಗಳ ಮೇಲೆ ಕಂಪನಿಯವರು ಧೂಳಿಗೆಂದು ಹಾಕಿ ಕಳಿಸಿದ ಹಳದಿ ಮುಚ್ಚಳ ಇನ್ನೂ ಹಾಗೆಯೇ ಇದೆ. ಯಜಮಾನನನ್ನು ಕೇಳಿದರೆ, "ತಗದ್ರ ಹೊಲಸ ಆಕ್ಕಾವ್ರಿ" ಎಂದ. ಕುಳಗೇರಿ ಕ್ರಾಸಿನ ಒಂದು ಹೋಟೆಲಿನಲ್ಲಿ ಹೂಟರಿಗೆ ದೇವರ ಮಾಲೆ ತೂಗುಬಿಟ್ಟಿದ್ದಾರೆ. ಒಂದು ಕಚೇರಿಯಲ್ಲಿ ಕೆಂಪು ಪೆಟ್ಟಿಗೆ ಕಪಾಟಿನ ಹಿಂದೆ ಸೇರಿ, ಅದರ ಒಂದು ಮೂಲೆ ಮಾತ್ರ ಹೊರಗೆ ಇಣುಕುತ್ತದೆ. ಇನ್ನೊಂದೆಡೆ ಬಟ್ಟಲು ಕೂಡಿಸುವ ತಳದ ಬಿಲ್ಲೆ ಇದೆ, ಬಟ್ಟಲೇ ಇಲ್ಲ. ನಾನು ಕತ್ತೆತ್ತಿ ನಿಂತದ್ದನ್ನು ನೋಡಿ ಬ್ಯಾಂಕಿನ ಸಿಪಾಯಿ ಈರಪ್ಪ, "ಟೀಚರ, ಹಲ್ಲಿ ಹುಡುಕಾಕತ್ತೀರೇನ್ರಿ?" ಎಂದು ಕೇಳಿದ. "ಇಲ್ಲಪಾ, ನಿನ್ನ ಜೀವ ಕಾಯೂದು ಎಲ್ಲೈತಿ ಅಂತ ನೋಡಾಕತ್ತೇನಿ" ಎಂದೆ. ಮರುದಿನದಿಂದ ಅವನೂ ಕೆಂಪು ದೀಪ ನೋಡಿಯೇ ಬಾಗಿಲು ತೆಗೆಯುತ್ತಾನಂತೆ. ಇಂಥವನ್ನೆಲ್ಲ ಕಂಡಾಗ ನನ್ನ ಮನಸ್ಸಿನಲ್ಲಿ ಒಂದು ಹೆಮ್ಮೆ ಇರುತ್ತಿತ್ತು: ಇಳಕಲ್ಲಿನಲ್ಲಿ ನಮ್ಮ ಟ್ರಸ್ಟಿನ ಕಟ್ಟಡವಿದೆ, ಅದರ ಅಧ್ಯಕ್ಷ ನನ್ನ ತಮ್ಮ, ಅಲ್ಲಿ ಪ್ರತಿಯೊಂದು ಬಟ್ಟಲನ್ನೂ ಅವನೇ ಏಣಿ ಹತ್ತಿ ಕೂಡಿಸಿದ್ದಾನೆ ಎಂದು.

ದೀಪಾವಳಿ ಮುಗಿದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳ ಮದುವೆಗೆಂದು ಅದೇ ಕಟ್ಟಡಕ್ಕೆ ಹೋದೆ. ಕೆಳಗೆ ಮದುವೆಯ ಮಂಟಪ, ಪಕ್ಕಕ್ಕೆ ಅಡುಗೆಮನೆ, ಮೇಲೆ ಹಳ್ಳಿಗಳಿಂದ ಬಂದು ಕಾಲೇಜು ಓದುವ ಹೆಣ್ಣುಮಕ್ಕಳ ಉಚಿತ ವಸತಿನಿಲಯ. ನಿನಗೆ ಗೊತ್ತಿಲ್ಲದ್ದೇನನ್ನೂ ಹೇಳುತ್ತಿಲ್ಲ; ಗೊತ್ತಿದ್ದೂ ಮಾಡಿದೆ ಎಂಬುದನ್ನು ನೆನಪಿಸುತ್ತಿದ್ದೇನೆ. ಕತ್ತೆತ್ತಿದೆ. ಪ್ರತಿಯೊಂದು ಬಟ್ಟಲಿಗೂ ಕುಪ್ಪಸದ ಖಣದ ಬಟ್ಟೆಯ ಒಂದೊಂದು ಕುಲಾವಿ! ಕೂಸಿನ ತಲೆಗೆ ತೊಡಿಸುವಂತೆ, ಕೆಂಪು ಅಂಚಿಟ್ಟು, ಸುತ್ತ ಲಾಡಿ ಪೋಣಿಸಿ, ಬಿಗಿಯಾಗಿ ಕಟ್ಟಿದ್ದಾರೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, "ಏನ ಚಂದ ಸಿಂಗಾರ ಮಾಡ್ಯಾರ ನೋಡ್ರಿ ಟೀಚರ, ಮ್ಯಾಲಿನ ಬಟ್ಟಲಕ್ಕೂ ಖಣಾ ತೊಡಿಸ್ಯಾರ!" ಎಂದು ಮೆಚ್ಚಿದಳು. ಹೊಲಿಗೆ ಚಂದವಿದ್ದದ್ದು ನಿಜ. ನನ್ನ ಕೈಯಲ್ಲಿದ್ದ ಅಕ್ಷತೆಯನ್ನು ಯಾವಾಗ ಹಾಕಿದೆನೋ ನನಗೆ ನೆನಪಿಲ್ಲ.

ಊಟಕ್ಕೂ ಏಳದೆ ವ್ಯವಸ್ಥಾಪಕ ಅಂದಾನಪ್ಪನನ್ನು ಹಿಡಿದೆ. ಅವನು ನಗುತ್ತಲೇ ಹೇಳಿದ: "ಅದು ಪ್ರತಿ ಅಮಾಸಿಗೂ ಮರ್ಯಾದಿ ತಗಿತಿತ್ರಿ ಟೀಚರ. ಪೂಜಾದಾಗ ಲೋಬಾನ ಹಾಕಿದ ಕೂಡ್ಲೇ ಕೊಂಯ್ ಅಂತ ಹೊಯ್ಕೊಳ್ಳೂದು. ಒಂದ್ಸಲ ಅಯ್ಯನವರು ಆರತಿ ತಾಟ ನನ್ನ ಕೈಯಾಗ ಕೊಟ್ಟು, ಅಂಗಳದಾಗ ಹೋಗಿ ಚಪ್ಪಲ ಹಾಕ್ಕೊಂಡ ನಿಂತಿದ್ರು. ಅದಕ ಅಧ್ಯಕ್ಷರ ಹೇಳಿದ್ರರಿ, ಕುಲಾವಿ ಹೊಲಿಸಿ ತೊಡಸ್ರಿ ಅಂತ." ಹೊಲಿದವಳು ವಸತಿನಿಲಯ ನೋಡಿಕೊಳ್ಳುವ ಕಸ್ತೂರಿ. ಪೂಜೆ ಮುಗಿದ ಮೇಲೆ ಬಿಚ್ಚಬೇಕೆಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳ ತಪ್ಪಲ್ಲ. ನೀನು ಅಷ್ಟಕ್ಕೇ ನಿಲ್ಲದೆ, ಒಗ್ಗರಣೆಯ ಹೊಗೆಗೆ ಅಡುಗೆಮನೆಯ ಬಟ್ಟಲು ಒದರಿತೆಂದು ಪ್ಯಾನಲ್ಲಿನ ಕೀಲಿ ತಿರುಗಿಸಿ ಹೂಟರಿನ ಬಾಯಿಯನ್ನೂ ಮುಚ್ಚಿಸಿ, ಆ ಕೀಲಿಯನ್ನು ನಿನ್ನ ಗೊಂಚಲಿನಲ್ಲಿಯೇ ಸೊಲ್ಲಾಪುರಕ್ಕೆ ಒಯ್ದಿದ್ದೀಯಂತೆ! ಅಡುಗೆಮನೆಗೆ ಹೊಗೆಯದನ್ನು ಹಚ್ಚಬಾರದು, ಝಳದ್ದನ್ನು ಹಚ್ಚಬೇಕು ಎಂದು ನನಗೆ ಕಲಿಸಿದವನು ಯಾರು? ಪೂಜೆಯ ಜಗುಲಿಯನ್ನು ಅಂಗಳಕ್ಕೆ ತಂದರೆ ದೇವರು ಬೇಡವೆನ್ನುತ್ತಾನೆಯೆ? ತಿಳಿಯದವನು ಮುಚ್ಚಿದ್ದರೆ ಬುದ್ಧಿ ಹೇಳಿ ಬರುತ್ತಿದ್ದೆ. ಮುಚ್ಚಿದವನು ನೀನು.

ಇದಾವುದೂ ನನ್ನ ಕೋಪದ ಮುಖ್ಯ ಕಾರಣವಲ್ಲ. ಮುಖ್ಯ ಕಾರಣ ಮೇಲಿನ ಮಹಡಿಯಲ್ಲಿ ಸಿಕ್ಕಿತು. ಹುಡುಗಿಯರನ್ನು ಕೂಡಿಸಿಕೊಂಡು ಕೇಳಿದೆ: ಈ ಹೂಟರ್ ಒದರಿದರೆ ನೀವು ಏನು ಮಾಡುತ್ತೀರಿ? ರಾಮಥಾಳದ ಅನುರಾಧಾ ಎಂಬ ಜಾಣ ಹುಡುಗಿ ಎದ್ದು ನಿಂತು, ತರಗತಿಯಲ್ಲಿ ಉತ್ತರ ಹೇಳುವಂತೆಯೇ ಹೇಳಿದಳು: "ಗೊತ್ತೈತ್ರಿ ಟೀಚರ. ಅದು ಅಮಾಸಿ ಪೂಜಾದ್ದು. ಒದರಿದ್ರ ಕೆಳಗ ಪ್ರಸಾದ ಕೊಡ್ತಾರ್ರಿ." ಹಿಂದಿನಿಂದ ಮತ್ತೊಬ್ಬಳು, "ಹೋಳಿಗಿ ಇದ್ರ ಓಡಿ ಹೋಗ್ತೇವ್ರಿ. ಬರೇ ಅನ್ನಾ ಸಾರು ಇದ್ರ ಮಲ್ಕೊಂತೇವ್ರಿ" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಮಾಂತೂ. ನಾಳೆ ಅಡುಗೆಮನೆಯಲ್ಲಿ ಎಣ್ಣೆ ಹೊತ್ತಿಕೊಂಡು, ಯಾವ ಪುಣ್ಯದಿಂದಲೋ ಆ ಹೂಟರ್ ಒದರಿದರೂ, ಅರ್ಧ ಮಕ್ಕಳು ಹೊದ್ದುಕೊಂಡು ಮಲಗುತ್ತಾರೆ, ಉಳಿದವರು ತಾಟು ಹಿಡಿದುಕೊಂಡು ಅಡುಗೆಮನೆಯ ಪಕ್ಕದ ಮೆಟ್ಟಿಲು ಇಳಿದು ಬೆಂಕಿಯ ಕಡೆಗೇ ಬರುತ್ತಾರೆ. ಇದು ಮಕ್ಕಳ ಅಜ್ಞಾನವಲ್ಲ. ಪ್ರತಿ ಅಮವಾಸ್ಯೆಗೆ ತಪ್ಪದೆ ಆ ಕಟ್ಟಡವೇ ಅವರಿಗೆ ಕಲಿಸಿದ ಪಾಠ. ಮಕ್ಕಳು ಕಲಿಯದೆ ಉಳಿದದ್ದನ್ನು ನಾನು ಬಹಳ ಕಂಡಿದ್ದೇನೆ. ಸಾಯುವ ದಾರಿಯನ್ನು ಇಷ್ಟು ಚೆನ್ನಾಗಿ ಕಲಿತದ್ದನ್ನು ಕಂಡದ್ದು ಇದೇ ಮೊದಲು.

ಅದೇ ಮಧ್ಯಾಹ್ನ ಹಿಂಬದಿಯ ಕಬ್ಬಿಣದ ಮೆಟ್ಟಿಲಿನ ಬಾಗಿಲಿಗೆ ಒರಗಿಸಿದ್ದ ಶಾಮಿಯಾನದ ಗಂಟುಗಳನ್ನು ಹುಡುಗಿಯರಿಂದಲೇ ಎತ್ತಿಸಿದೆ. ಕಸ್ತೂರಿ ತಾಟು ಬಾರಿಸಿದಳು, ನಾನು ಮುಂದೆ ನಿಂತು ಸಾಲು ಹಿಡಿಸಿ ಇಳಿಸಿದೆ. ಮೊದಲ ಸಲ ನಗುತ್ತ ಇಳಿದರು, ಎರಡನೆಯ ಸಲ ಬೈಸಿಕೊಂಡು ಇಳಿದರು, ಮೂರನೆಯ ಸಲ ಸರಿಯಾಗಿ ಇಳಿದರು. ಕುಲಾವಿಗಳನ್ನೂ ಬಿಚ್ಚಿಸಿದೆ. ಮೂರು ದಿನ ಬಿಟ್ಟು ಹೋಗಿ ನೋಡಿದರೆ ಅಂದಾನಪ್ಪ ಮತ್ತೆ ತೊಡಿಸಿದ್ದಾನೆ. "ನಾ ಏನ ಮಾಡ್ಲಿರಿ ಟೀಚರ, ಅಧ್ಯಕ್ಷರ ಫೋನ ಬಂತ್ರಿ" ಎಂದ. ಆಗಲೇ ನಿನಗೆ ಫೋನು ಮಾಡಿದ್ದು. ನಿನ್ನ ಸಮಜಾಯಿಷಿಯನ್ನು ನಾನು ಪೂರ್ತಿ ಕೇಳಿದ್ದೇನೆ: "ಅಕ್ಕಾ, ಮದುವಿ ಸೀಜನ್ ಐತಿ. ಅಕ್ಷತಾ ಹೊತ್ತಿನ್ಯಾಗ ಅದು ಒದರಿದ್ರ ಬೀಗರೆಲ್ಲಾ ಎದ್ದು ಓಡ್ತಾರ. ಮುಂದಿನ ವರ್ಷ ನಮ್ಮ ಮಂಟಪ ಯಾರ ಹಿಡಿತಾರ? ಮಂಟಪ ನಡೀಲಿಲ್ಲಂದ್ರ ಮ್ಯಾಲಿನ ಹುಡುಗ್ಯಾರಿಗೆ ಊಟ ಎಲ್ಲಿಂದ?" ಮಾತಿನಲ್ಲಿ ತೂಕವಿಲ್ಲ ಎಂದು ನಾನು ಹೇಳುವುದಿಲ್ಲ. ಬೀಗರು ಎದ್ದು ಓಡಿದರೆ ಓಡಲಿ. ಅಂಗಳದಲ್ಲಿ ನಿಂತು ನಕ್ಕು, ಮತ್ತೆ ಒಳಗೆ ಬಂದು ಅಕ್ಷತೆ ಹಾಕುತ್ತಾರೆ. ಮೇಲಿನ ಮಕ್ಕಳಿಗೆ ಊಟ ಹಾಕುವ ಹಕ್ಕಿನಿಂದ ಅವರ ಎಚ್ಚರವನ್ನು ಕಸಿದುಕೊಳ್ಳುವ ಹಕ್ಕು ಯಾರಿಗೂ ಬರುವುದಿಲ್ಲ. ಉಚಿತವಾಗಿ ಇಟ್ಟುಕೊಂಡ ಮಕ್ಕಳು ಎಂಬ ಕಾರಣಕ್ಕೆ ಇದು ಇಷ್ಟು ದಿನ ನಡೆಯಿತೆ ಎಂದು ನಿನ್ನನ್ನು ನೀನೇ ಕೇಳಿಕೊ. ಆ ಮಹಡಿಯಲ್ಲಿ ಗೀತಾಂಜಲಿ ಮಲಗುತ್ತಿದ್ದರೆ ಆ ಕೀಲಿ ತಿರುಗುತ್ತಿತ್ತೆ?

ಆದ್ದರಿಂದ ನನ್ನ ಬೇಡಿಕೆ ಹೀಗಿದೆ, ಇದನ್ನು ಬೇಡಿಕೆ ಎಂದು ಸೌಜನ್ಯಕ್ಕೆ ಕರೆಯುತ್ತಿದ್ದೇನೆ. ಬರುವ ಅಮವಾಸ್ಯೆಯ ಮೊದಲು ಪ್ಯಾನಲ್ಲಿನ ಕೀಲಿ ಇಳಕಲ್ಲಿಗೆ ಮುಟ್ಟಬೇಕು. ಕುಲಾವಿಗಳನ್ನು ಬಿಚ್ಚಲು, ಅಡುಗೆಮನೆಯ ಬಟ್ಟಲು ಬದಲಿಸಲು, ಪೂಜೆಯನ್ನು ಅಂಗಳದಲ್ಲಿ ಮಾಡಲು ಅಧ್ಯಕ್ಷನ ಸಹಿಯ ಅಪ್ಪಣೆ ಬರಬೇಕು. ಬಾರದಿದ್ದರೆ ಇದರೊಂದಿಗೆ ನಕಲು ಇಟ್ಟಿರುವ ಅರ್ಜಿ ಬಾಗಲಕೋಟೆಯ ಅಗ್ನಿಶಾಮಕ ಅಧಿಕಾರಿಗಳಿಗೆ ಹೋಗುತ್ತದೆ. ಅದರಲ್ಲಿ ಅಧ್ಯಕ್ಷನ ಹೆಸರನ್ನು ಪೂರ್ತಿಯಾಗಿ ಬರೆದಿದ್ದೇನೆ, ಅರ್ಜಿದಾರಳೊಂದಿಗಿನ ಸಂಬಂಧ ಎಂಬಲ್ಲಿ "ಸ್ವಂತ ತಮ್ಮ" ಎಂದೂ ಬರೆದಿದ್ದೇನೆ. ಊರ ಮಂದಿ ನನಗೆ ಏನೆನ್ನುತ್ತಾರೆಂಬ ಲೆಕ್ಕವನ್ನು ಹಾಕಿಯೇ ಬರೆದಿದ್ದೇನೆ.

ಗೀತಾಂಜಲಿಗೂ ಅಳಿಯಂದಿರಿಗೂ ನನ್ನ ಶುಭಾಶಯ ತಿಳಿಸು. ಔಷಧಿ ತಪ್ಪಿಸಬೇಡ. ಬಸವಣ್ಣ ನಿನ್ನ ಮೊಣಕಾಲಿಗೆ ಬಲವನ್ನೂ ನಿನಗೆ ಬುದ್ಧಿಯನ್ನೂ ಕೊಡಲಿ. ಎರಡರಲ್ಲಿ ಒಂದನ್ನೇ ಕೊಡುವುದಾದರೆ ಯಾವುದನ್ನು ಕೇಳಬೇಕೆಂದು ನನಗೆ ಗೊತ್ತು.

ಇತಿ ನಿನ್ನ ಅಕ್ಕ,
ಭುವನೇಶ್ವರಿ ಸಂಗಪ್ಪ ಹೂಲಗೇರಿ

ಮರೆತ ಮಾತು: ರಿಕ್ಷಾ ಬಾಗಿಲಿಗೆ ಬಂದು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹಾಸಿಗೆ ಸುತ್ತಿ ಕಟ್ಟಿದ್ದಾಗಿದೆ, ಮನೆಯ ಕೀಲಿಯನ್ನು ಪಕ್ಕದ ಸುಲ್ತಾನಾಳ ಕೈಗೆ ಕೊಟ್ಟಿದ್ದಾಗಿದೆ. ನಿನ್ನ ಕೀಲಿ ಬರುವವರೆಗೆ ನಾನು ಇಳಕಲ್ಲಿನಲ್ಲಿ ಆ ಹುಡುಗಿಯರೊಂದಿಗೇ ಇರುತ್ತೇನೆ, ಅಡುಗೆಮನೆಯ ನೇರ ಮೇಲಿನ ಕೋಣೆಯಲ್ಲಿಯೇ ಮಲಗುತ್ತೇನೆ. ಕಸ್ತೂರಿ ಬೇಡವೆಂದಳು, ಕೇಳಲಿಲ್ಲ. ನನಗೂ ಈಗ ನಿನ್ನಂತೆಯೇ ಮೊಣಕಾಲು ನೋವು. ಕಬ್ಬಿಣದ ಮೆಟ್ಟಿಲನ್ನು ಬೇಗ ಇಳಿಯಲಾರೆ. ಯಾರಾದರೂ ಮೊದಲೇ ಎಬ್ಬಿಸಬೇಕು.

ಇದರೊಂದಿಗೆ ಲಗತ್ತಿಸಿದ ಕಾಗದಗಳು:
೧. ಅಗ್ನಿಶಾಮಕ ಅಧಿಕಾರಿಗಳಿಗೆ ಬರೆದ ಅರ್ಜಿಯ ನಕಲು, ಸಹಿ ಇನ್ನೂ ಮಾಡಿಲ್ಲ.
೨. ಮಂಟಪ, ಮೆಟ್ಟಿಲು ಮತ್ತು ಮೇಲಿನ ಮಹಡಿಯ ಚಾವಣಿಗಳ ಫೋಟೊಗಳು, ಕುಲಾವಿ ಸಮೇತ.
೩. ಅಧ್ಯಕ್ಷರ ಅಪ್ಪಣೆಯ ಕರಡು. ನೀನು ಸಹಿ ಮಾಡಿದರೆ ಸಾಕು.
೪. ಕೀಲಿ ಕಳಿಸಲು ದಪ್ಪ ಲಕೋಟೆ ಒಂದು, ಅಂಚೆಚೀಟಿ ಹಚ್ಚಿ ವಿಳಾಸ ಬರೆದದ್ದು: ಭುವನೇಶ್ವರಿ ಹೂಲಗೇರಿ, ಹೆಣ್ಣುಮಕ್ಕಳ ವಸತಿನಿಲಯ, ಮೇಲಿನ ಮಹಡಿ, ಇಳಕಲ್.