ಗೋಣಿಬೀಡಿಗೆ ಹೋಗದ ಇಮೇಲ್

ಡಿಸೆಂಬರ್ 8, ಸೋಮವಾರ. ಬೆಳಿಗ್ಗೆ 9

ಸಂಘದ ಆಫೀಸಿನ ಸರ್ವರ್ ರೂಮಿನ ಫ್ಯಾನ್ ಹಾಕಿ ಕೂತೆ. ಅಷ್ಟರಲ್ಲಿ ಆನೆ ಕಾವಲಿನ ಏಕಾಂತಪ್ಪನವರ ಫೋನ್. "ಭುವನಾ, ಆನೆ ಎಲ್ಲಿದೆ ಅಂತ ಆರಕ್ಕೇ ಇಮೇಲ್ ಹಾಕಿದೀನಿ. ಒಂದು ಎಸ್ಟೇಟಿನಿಂದ್ಲೂ 'ಸಿಕ್ತು' ಅಂತ ಬಂದಿಲ್ವಲ್ಲಮ್ಮ?"

ಲಾಗ್ ತೆಗೆದೆ. ಸಾಲು ಸಾಲು ಎರರ್. ಮೇಲ್ ಸರ್ವರನ್ನು ಡೇಟಾಬೇಸ್ ಒಳಗೇ ಬಿಡುತ್ತಿಲ್ಲ — ಪಾಸ್‌ವರ್ಡ್ ತಪ್ಪಂತೆ. ಯಾವ ವಿಳಾಸ ಯಾರದೆಂದು ಅದು ಹೇಳದೆ ಇಮೇಲ್ ಮುಂದೆ ಹೋಗುವುದಿಲ್ಲ. ಶನಿವಾರ ಚಿಕ್ಕಮಗಳೂರಿನಿಂದ ಕಂಪ್ಯೂಟರ್ ನೋಡಿಕೊಳ್ಳುವ ಶಶಿಕಿರಣ್ ಬಂದು, ಸೇಫ್ಟಿ ಅಂತ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ್ದ. ಮೇಲ್ ಸರ್ವರಿನಲ್ಲಿ ಬದಲಿಸುವುದು ಮರೆತ, ಪುಣ್ಯಾತ್ಮ! ನಿನ್ನೆ ರಜೆ, ಯಾರಿಗೂ ಗೊತ್ತಾಗಲಿಲ್ಲ.

ನಮ್ಮ ಬೆಳೆಗಾರರ ಸಂಘದ ಎಸ್ಟೇಟುಗಳಲ್ಲಿ ಈಗ ಅದೇ ರೂಢಿ — ಹಾಜರಿ ಹೊತ್ತಿಗೆ ಇಮೇಲ್ ಬಾರದಿದ್ದರೆ ಆನೆ ಇಲ್ಲ, ಆಳುಗಳನ್ನು ತೋಟಕ್ಕೆ ಇಳಿಸು. ಮೊದಲು ವಾಟ್ಸಾಪ್ ಗ್ರೂಪ್ ಇತ್ತು. ಯಾರೋ ಆನೆಯ ಹಳೇ ವಿಡಿಯೋ ಹಾಕಿ ಜನರನ್ನು ಹೆದರಿಸಿದರೆಂದು ಅಧ್ಯಕ್ಷರು ಮುಚ್ಚಿಸಿದರು.

ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ನನ್ನ ಗಂಡ ಮಲ್ಲೇಶ್ ರೈಟರ್, ಆಳುಗಳ ಹಾಜರಿ-ಲೆಕ್ಕ ನೋಡುವವರು. ಕಾಫಿ ಹಣ್ಣು ಕೊಯ್ಯುವವರ ಮುಂದೆ ನಡೆಯುವವರು ಅವರೇ. ಫೋನ್ ಮಾಡಿದೆ. ತೋಟದೊಳಗೆ ನೆಟ್‌ವರ್ಕ್ ಎಲ್ಲಿಂದ... ಎಸ್ಟೇಟ್ ಆಫೀಸುಗಳಲ್ಲೂ ಯಾರೂ ಎತ್ತುತ್ತಿಲ್ಲ.

ಸಂಜೆ

ಮಲ್ಲೇಶ್ ಬಂದರು. ತೋಟದ ಮೇಲ್ಭಾಗ, ಗುಡ್ಡದ ಬ್ಲಾಕಿನಲ್ಲಿ ಆನೆ ಕೊಂಬೆ ಮುರಿದ ಸದ್ದಾಯಿತಂತೆ. ಎಲ್ಲರೂ ಬುಟ್ಟಿ ಬಿಟ್ಟು ಓಡಿದರಂತೆ.

"ಇಮೇಲ್ ಇರ್ಲಿಲ್ವಲ್ಲ ಮಾರಾಯ್ತಿ, ಆನೆ ಇಲ್ಲ ಅಂತ್ಲೇ ಹೋದೆ."

ನನಗೆ ಅನ್ನ ಇಳಿಯಲಿಲ್ಲ.

ಡಿ. 9, ಮಂಗಳವಾರ

ಎಸ್ಟೇಟಿಗೊಂದರಂತೆ ಫೋನ್ ಮಾಡಿ ಇವತ್ತಿನ ಕೊಯ್ಲು ನಿಲ್ಲಿಸಿದ್ದಾಯಿತು. ಶಶಿಕಿರಣ್ ನಿನ್ನೆ ರಾತ್ರಿ ಕಳಿಸಿದ ಹೊಸ ಪಾಸ್‌ವರ್ಡ್ ಹಾಕಿದೆ. ನನಗೇ ಒಂದು ಇಮೇಲ್ ಕಳಿಸಿಕೊಂಡೆ — ಬಂತು! ಅಬ್ಬಾ, ಬದುಕಿದೆ ಅಂದುಕೊಂಡೆ. ಆದರೆ ಎಲ್ಲ ಎಸ್ಟೇಟಿಗೂ ಒಟ್ಟಿಗೆ ಹೋಗುವ ವಿಳಾಸಕ್ಕೆ ಹಾಕಿದರೆ ಮತ್ತೆ ಅದೇ ಎರರ್. ಶಶಿಕಿರಣ್ ಇವತ್ತು ಫೋನ್ ಎತ್ತುತ್ತಿಲ್ಲ.

ನಾಳೆ ನಿಲ್ಲಿಸಲಾಗದು, ಹಣ್ಣು ಉದುರುತ್ತಿದೆ ಅಂತಾರಂತೆ ಮಲ್ಲೇಶರ ಧಣಿ ಜಯದೇವಪ್ಪನವರು. ಸಿಟ್ಟೂ ಬರುತ್ತೆ, ಅಳುವೂ ಬರುತ್ತೆ.

ಡಿ. 10, ಬುಧವಾರ. ಬೆಳಿಗ್ಗೆ 7

ಸಿಕ್ಕಿತು! ಗುಂಪಿನ ವಿಳಾಸಕ್ಕೆ ಬೇರೆಯದೇ ಫೈಲ್, ಅದರಲ್ಲೂ ಹಳೇ ಪಾಸ್‌ವರ್ಡ್. ಬದಲಿಸಿ ರೀಸ್ಟಾರ್ಟ್ ಮಾಡಿದೆ. ಏಕಾಂತಪ್ಪನವರ ಇವತ್ತಿನ ಇಮೇಲ್ ಹೋಯಿತು — "ಆನೆ ಗೋಣಿಬೀಡಿನ ಹೊಳೆ ಬ್ಲಾಕಿನಲ್ಲಿದೆ. ಅಲ್ಲಿ ಕೆಲಸ ಬೇಡ." ಮಲ್ಲೇಶ್ ಕಡೆಯಿಂದ "ಸಿಕ್ತು" ಅಂತಲೂ ಬಂತು. ಕಣ್ಣಲ್ಲಿ ನೀರೇ ಬಂತು ನನಗೆ.

7.40

ಅಯ್ಯೋ ದೇವರೇ. ಸೋಮವಾರದ ಇಮೇಲ್ ಇನ್ನೂ ಸರ್ವರಿನ ಕ್ಯೂನಲ್ಲೇ ಕಾದು ಕೂತಿತ್ತು. ಇವತ್ತಿನದರ ಹಿಂದೆಯೇ ಅದೂ ಹೋಗಿದೆ. "ಆನೆ ಗೋಣಿಬೀಡಿನ ಗುಡ್ಡದ ಬ್ಲಾಕಿನಲ್ಲಿದೆ. ಅಲ್ಲಿ ಕೆಲಸ ಬೇಡ." ಏಕಾಂತಪ್ಪನವರು ತಾರೀಖು ಬರೆಯುವುದೇ ಇಲ್ಲ. ಕೊನೆಗೆ ಬಂದದ್ದನ್ನೇ ಎಲ್ಲರೂ ಹೊಸದು ಅಂದುಕೊಳ್ಳುತ್ತಾರೆ.

ಎಸ್ಟೇಟ್ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿ ಕಾಫಿ ಮಾಡುವ ಬಸಮ್ಮ ಎತ್ತಿದರು.

"ರೈಟ್ರು ಹೋದ್ರಲ್ಲಮ್ಮ. ಆನೆ ಹೊಳೆ ಬಿಟ್ಟು ಗುಡ್ಡ ಹತ್ತಿತಂತೆ. ಎಲ್ಲಾರ್ನೂ ಕರ್ಕೊಂಡು ಹೊಳೆ ಕಡೆ ಇಳಿದ್ರು."

"ಓಡಿ ಬಸಮ್ಮ! ಕೂಗಿ ನಿಲ್ಸಿ ಅವ್ರನ್ನ!"

ತೋಟಕ್ಕೆ ಹೋಗಲು ಅಹಮದಣ್ಣನ ಬಾಡಿಗೆ ಜೀಪಿಗೆ ಹೇಳಿದ್ದೇನೆ, ಇನ್ನೂ ಬಂದಿಲ್ಲ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಹೆದರಿಕೆ... ಬರೀ ಹೆದರಿಕೆ. ರೀ, ಮುಂದೆ ನಡೀಬೇಡಿ. ಇವತ್ತೊಂದು ದಿನ ಹಿಂದೆ ಇರಿ.

ಫೋನ್. ಮಲ್ಲೇಶ್ ಅಲ್ಲ, ಏಕಾಂತಪ್ಪನವರು. ಎತ್ತಬೇಕು. ಪೆನ್ನು ಕೆಳಗಿಡುತ್ತೇನೆ.